ದ್ವೀಪವೂ ಸಮೀಪವೂ

ಒತ್ತುಶಾವಿಗೆಯ ಒರಳಿಗೆ ಎರಡು ಅಂಗಗಳುಂಟು. ಕಾಲುಗಳ ಮೇಲೆ ನಿಂತ ಭಾರವಾದ ಮರದ ಮೈಯೂ ಅದರೊಡನೆ ಸೇರಿದ ಸನ್ನೆಕೋಲೂ ಒಂದು. ಆ ಮರದ ಕುಳಿಯ ತಳದಲ್ಲಿ ಕೂರುವ, ಮೈತುಂಬ ಸಣ್ಣ ರಂಧ್ರಗಳುಳ್ಳ ಹಿತ್ತಾಳೆಯ ಬಿಲ್ಲೆ ಇನ್ನೊಂದು. ಬಿಲ್ಲೆಯಿಲ್ಲದ ಮರ ಬರಿಯ ಸೌದೆ. ಮರವಿಲ್ಲದ ಬಿಲ್ಲೆ ಬರಿಯ ತೂತಿನ ತಟ್ಟೆ. ಇವೆರಡೂ ಕೂಡಿದ ಮಾತ್ರಕ್ಕೆ ಕೆಲಸವಾಗದು. ಸನ್ನೆಕೋಲಿನ ಮೇಲೆ ಮೈಭಾರವನ್ನು ಬಿಡುವವರು ಒಬ್ಬರು, ಕೆಳಗೆ ಬಾಳೆಯ ಎಲೆಯನ್ನು ಹಿಡಿದು ಇಳಿದುಬರುವ ಎಳೆಗಳನ್ನು ಸುತ್ತುಸುತ್ತಾಗಿ ಬರಮಾಡಿಕೊಳ್ಳುವವರು ಒಬ್ಬರು, ಹೀಗೆ ಇಬ್ಬರು ಬೇಕು. ಒಂಟಿಯಾದವರ ಮನೆಯಲ್ಲಿ ಆ ಒರಳು ಅಟ್ಟವನ್ನು ಸೇರುವುದು ಇದರಿಂದಲೇ.

ಚಿಕ್ಕಬಳ್ಳಾಪುರದ ಸೀಮೆಯ ಒಂದು ಹಳ್ಳಿಯಲ್ಲಿ, ಒಂದು ಮನೆತನದಲ್ಲಿ ಅಂಥ ಒರಳು ಮೂರು ತಲೆಮಾರಿನಿಂದ ನಡೆದುಬಂದಿತ್ತು. 1988ರಲ್ಲಿ ಆ ಮನೆಯ ತಾಯಿ ಕಾಲವಾದರು. ಮರುವರ್ಷ ಇಬ್ಬರು ಗಂಡುಮಕ್ಕಳು ವಿಭಕ್ತರಾದರು. ಹಿರಿಯರು ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಉಪಾಧ್ಯಾಯರಾದವರು. ಕಿರಿಯರು ಕೈಕೆಲಸವನ್ನು ಕಲಿತು ಮಂಡ್ಯದ ಕಡೆ ಕಾರ್ಖಾನೆಯೊಂದನ್ನು ಸೇರಿದವರು. ಹೊಲಮನೆಗಳ ಭಾಗ ಸುಲಭವಾಗಿಯೇ ಮುಗಿಯಿತು. ಪಾತ್ರೆಪದಾರ್ಥಗಳ ಸರದಿ ಬಂದಾಗ ಪಂಚರು, ಮರದ ಸಾಮಾನೆಲ್ಲ ಹಿರಿಯರಿಗೆ, ತಾಮ್ರ ಹಿತ್ತಾಳೆಗಳೆಲ್ಲ ಕಿರಿಯರಿಗೆ ಎಂದು ಗೊತ್ತುಮಾಡಿದರು. ಶಾವಿಗೆಯ ಒರಳು ಮರದ ರಾಶಿಗೆ ಹೋಯಿತು. ಆಗ ಯಾರೋ ಅದರ ತಳದ ಬಿಲ್ಲೆ ಹಿತ್ತಾಳೆಯದೆಂದು ನೆನಪುಮಾಡಿದರು. ಪಂಚರಲ್ಲಿ ಒಬ್ಬ ವೃದ್ಧರು, “ಅದು ಒರಳಿನಲ್ಲೇ ಇರಲಿ ಬಿಡಿ” ಎಂದರು. ಹಿರಿಯರು ಒಪ್ಪಲಿಲ್ಲ. “ಹಿತ್ತಾಳೆ ಹಿತ್ತಾಳೆಯೇ, ಒಬ್ಬರ ಪಾಲಿನದು ಇನ್ನೊಬ್ಬರ ಮನೆಯಲ್ಲಿ ಇರಕೂಡದು” ಎಂದು ತಾವೇ ಬಿಲ್ಲೆಯನ್ನು ಕಳಚಿ ತಮ್ಮನ ಪಾತ್ರೆಗಳ ಮೇಲೆ ಇಟ್ಟರು. ನ್ಯಾಯದಲ್ಲಿ ಒಂದು ಕೂದಲೆಳೆಯೂ ಹೆಚ್ಚುಕಡಮೆಯಾಗಲಿಲ್ಲವೆಂಬ ತೃಪ್ತಿ ಅಂದು ಅವರಿಗೆ ಇದ್ದಿತು.

ಅನಂತರ 35 ವರ್ಷ ಆ ಎರಡು ಮನೆಗಳಲ್ಲಿಯೂ ಶಾವಿಗೆ ಒತ್ತಿದವರಿಲ್ಲ. ಜಗಳವೆಂಬುದೇನೂ ಇರಲಿಲ್ಲ. ಮದುವೆ ಮುಂಜಿಗಳಲ್ಲಿ ಅಣ್ಣತಮ್ಮಂದಿರು ಎದುರಾಗುವರು, ಯೋಗಕ್ಷೇಮವನ್ನು ವಿಚಾರಿಸುವರು, ಬೇರೆ ಬೇರೆ ಪಂಕ್ತಿಗಳಲ್ಲಿ ಕೂರುವರು. ವಿಭಕ್ತರಾದ ಸಹೋದರರು ಶ್ರಾದ್ಧವನ್ನು ಬೇರೆಯಾಗಿಯೇ ಮಾಡಬೇಕೆಂದು ಧರ್ಮಶಾಸ್ತ್ರವು ವಿಧಿಸುವುದರಿಂದ, ಒಬ್ಬ ತಾಯಿಗೆ ಒಂದೇ ತಿಥಿಯಲ್ಲಿ ಎರಡು ಊರುಗಳಲ್ಲಿ ಪಿಂಡಪ್ರದಾನ ನಡೆಯುತ್ತಿದ್ದಿತು. ಶಾಸ್ತ್ರಕ್ಕೆ ಲೋಪವಿಲ್ಲ; ಮನೆಗೆ ಮಾತ್ರ ಏನೋ ಲೋಪವಾಗಿತ್ತು.

ಈಚೆಗೆ ಸಂಕ್ರಾಂತಿ ಕಳೆದ ಮೇಲೆ ಹಿರಿಯರ ದೌಹಿತ್ರನು ಹತ್ತು ದಿನಗಳ ರಜೆಯಲ್ಲಿ ಸಿಂಗಪುರದಿಂದ ಬಂದನು. ಅವನು ಕೆಲಸಮಾಡುವ ಆ ಊರೇ ಒಂದು ದ್ವೀಪ. ಅಲ್ಲಿ ಚೀನೀಯರು, ಮಲಯರು, ತಮಿಳರು ತಮ್ಮ ತಮ್ಮ ರೀತಿಯಲ್ಲಿ ಮಾಡುವ ಅಕ್ಕಿ ಗೋಧಿಗಳ ಎಳೆಯಡುಗೆಯನ್ನು ಅವನು ದಿನವೂ ಉಣ್ಣುವವನು. ಅಟ್ಟದ ಮೇಲಿನ ಒರಳನ್ನು ಕಂಡು, “ಇದು ಇರುವ ಮನೆಯಲ್ಲಿ ನಾನು ಒಂದು ದಿನವೂ ಶಾವಿಗೆಯನ್ನು ಕಂಡಿಲ್ಲವಲ್ಲ, ತಾತ” ಎಂದನು. ಹಿರಿಯರು ಬಿಲ್ಲೆಯ ವೃತ್ತಾಂತವನ್ನು ಎರಡೇ ಮಾತಿನಲ್ಲಿ ಹೇಳಿ ಸುಮ್ಮನಾದರು. ಹುಡುಗನು ಸುಮ್ಮನಾಗಲಿಲ್ಲ. ಮೋಟಾರು ಇದೆ, ಬಿಡುವು ಇದೆ. ಚಿಕ್ಕತಾತನನ್ನು ಕರೆತಂದು ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಸುತ್ತಿ, ಎಲ್ಲೆಲ್ಲಿ ಶಾವಿಗೆ ದೊರೆಯುವುದೋ ಅಲ್ಲೆಲ್ಲ ರುಚಿನೋಡಿ ಬರೋಣವೆಂದು ಹಟಹಿಡಿದನು. ಹಿರಿಯರು ಬೇಡವೆನ್ನಲು ಕಾರಣವನ್ನು ಹುಡುಕಿದರು, ದೊರೆಯಲಿಲ್ಲ.

ಕಿರಿಯರು ಕೆಲಸದಿಂದ ನಿವೃತ್ತರಾದ ಮೇಲೆ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದರು. ಅವರೂ ಒಬ್ಬ ದ್ವೀಪವಾಸಿಗಳೇ. ಕಾವೇರಿಯು ಆ ಊರಿನ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆದು ನೆಲವನ್ನು ಬಳಸಿ ಹರಿಯುವಳು. ನಡುವೆ ಆದಿರಂಗನೆಂಬ ಖ್ಯಾತಿಯ ರಂಗನಾಥನ ಶಯನ. ಆ ಗುಡಿಯು 894ರಲ್ಲಿ ಗಂಗರ ಸಾಮಂತನಾದ ತಿರುಮಲಯ್ಯನಿಂದ ಕಟ್ಟಲ್ಪಟ್ಟಿತೆಂದು ಪ್ರತೀತಿ. 1610ರಲ್ಲಿ ರಾಜ ಒಡೆಯರು ಆ ಊರನ್ನು ತಮ್ಮದಾಗಿಸಿಕೊಂಡರು. 1799ರ ಮೇ 4ರಂದು ಟಿಪ್ಪುಸುಲ್ತಾನನು ಅಲ್ಲಿಯ ಕೋಟೆಯೊಳಗೆ ಹೋರಾಡುತ್ತ ಮಡಿದನು. ಹುಡುಗನು ಇಬ್ಬರು ವೃದ್ಧರನ್ನೂ ಕೂರಿಸಿಕೊಂಡು 1784ರ ದರಿಯಾದೌಲತ್ತನ್ನೂ, ಹೈದರನೂ ಟಿಪ್ಪುವೂ ಟಿಪ್ಪುವಿನ ತಾಯಿಯೂ ಒತ್ತೊತ್ತಾಗಿ ಮಲಗಿರುವ ಗುಂಬಜನ್ನೂ ತೋರಿಸಿದನು. ಅಷ್ಟು ಹೊತ್ತೂ ಅಣ್ಣತಮ್ಮಂದಿರ ಮಾತೆಲ್ಲ ಹುಡುಗನ ಮೂಲಕವೇ ನಡೆಯಿತು. “ನಿನ್ನ ತಾತನಿಗೆ ಬಿಸಿಲು ತಾಕೀತು” ಎಂದು ಕಿರಿಯರು; “ಚಿಕ್ಕತಾತನಿಗೆ ನೀರು ಬೇಕೇನೋ ಕೇಳು” ಎಂದು ಹಿರಿಯರು.

ಪಶ್ಚಿಮವಾಹಿನಿಯ ಸೋಪಾನದ ಮೇಲೆ ಮಾತ್ರ ಇಬ್ಬರೂ ತಾವಾಗಿ ನಿಂತರು. 1988ರಲ್ಲಿ ತಾಯಿಯ ಅಸ್ಥಿಯನ್ನು ಅಲ್ಲಿಯೇ ನೀರಿಗೆ ಬಿಟ್ಟಿದ್ದರು. ಅದೇ ಅವರು ಕೂಡಿ ಮಾಡಿದ ಕೊನೆಯ ಪ್ರಯಾಣ. ಅಲ್ಲಿಂದ ದ್ವೀಪದ ಪೂರ್ವದ ತುದಿಗೆ ಹೋದಾಗ, ಬೇರೆಯಾದ ಕವಲುಗಳು ಮತ್ತೆ ಕೂಡುವ ಸಂಗಮವನ್ನು ಹುಡುಗನು ಬಹಳ ಹೊತ್ತು ನೋಡಿದನು. ವೃದ್ಧರು ನೋಡಿಯೂ ನೋಡದವರಂತೆ ಮೋಟಾರನ್ನು ಏರಿದರು. ಕಿರಿಯರ ಕೈಯಲ್ಲಿ ಒಂದು ಬಟ್ಟೆಯ ಚೀಲವಿದ್ದಿತು. ಅದನ್ನು ಅವರು ಹಿಂದಿನ ಪೆಟ್ಟಿಗೆಯಲ್ಲಿ ಇಡಗೊಡದೆ ತೊಡೆಯ ಮೇಲೆಯೇ ಇಟ್ಟುಕೊಂಡರು. ಏನೆಂದು ಯಾರೂ ಕೇಳಲಿಲ್ಲ.

ಆ ರಾತ್ರಿ ಹಳ್ಳಿಯಲ್ಲಿ ತಂಗಿ ಮರುದಿನ ಬೆಳಗ್ಗೆ ಗೌರಿಬಿದನೂರಿನ ದಾರಿ ಹಿಡಿದರು. ಚಿಕ್ಕಬಳ್ಳಾಪುರವನ್ನು ಬಿಟ್ಟು ಸ್ವಲ್ಪ ದೂರದಲ್ಲೇ ರಂಗಸ್ಥಳ. ಅಲ್ಲಿಯೂ ಶೇಷಶಯನನಾದ ರಂಗನಾಥ. ಸುತ್ತ ಬೆಟ್ಟಗುಡ್ಡಗಳು, ಹೊಲಗಳು. ಕಿರಿಯರು ಪ್ರದಕ್ಷಿಣೆ ಮುಗಿಸಿ ಹುಡುಗನಿಗೆ, “ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ, ಮೂರು ಕಡೆಯೂ ಕಾವೇರಿಯ ನಡುಗಡ್ಡೆಯಲ್ಲಿ ಮಲಗಿರುವ ದೇವರು ಇಲ್ಲಿ ಒಣನೆಲದಲ್ಲಿ ಮಲಗಿದನಲ್ಲ! ದ್ವೀಪವಿಲ್ಲದ ರಂಗನಾಥನನ್ನು ಇಲ್ಲಿಯೇ ಕಂಡದ್ದು” ಎಂದರು. ಹಿರಿಯರೊಳಗಿನ ಉಪಾಧ್ಯಾಯರು ಎಚ್ಚತ್ತರು. ದ್ವೀಪವೆಂದರೆ ಎರಡು ಕಡೆ ನೀರುಳ್ಳದ್ದು. ನೀರು ಎಂಬರ್ಥದ ಅಪ್ ಎಂಬ ಶಬ್ದವು ದ್ವಿ ಎಂಬುದರ ಮುಂದೆ ಬಂದಾಗ ಅದರ ಅಕಾರಕ್ಕೆ ಈಕಾರ ಬರುವುದೆಂದು ಪಾಣಿನಿ ಸೂತ್ರಮಾಡಿರುವನು ಎಂದು ವಿವರಿಸಿದರು. ವಿವರಿಸುತ್ತಿದ್ದಂತೆ ಏನೋ ಹೊಳೆದವರಂತೆ ನಡುವೆಯೇ ನಿಲ್ಲಿಸಿಬಿಟ್ಟರು. ತರಗತಿಯಲ್ಲಿ ಅವರು ಎಂದೂ ಸೂತ್ರವನ್ನು ಅರ್ಧಕ್ಕೆ ಬಿಟ್ಟವರಲ್ಲ.

ಗೌರಿಬಿದನೂರಿನಲ್ಲಿ ಕಿರಿಯರ ಪರಿಚಯದ ಒಬ್ಬ ವೃದ್ಧೆಯ ಮನೆ. ಆಂಧ್ರದ ಗಡಿಗೆ ಹತ್ತಿರವಾದ ಆ ನೆಲದಲ್ಲಿ ಒಂದು ವಾಕ್ಯವು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುವುದು ಸಾಮಾನ್ಯ. ಆಕೆ ರಾಗಿಯ ಶಾವಿಗೆಯನ್ನು ಮಾಡಿದ್ದರು. ರಾಗಿಹಿಟ್ಟನ್ನು ಕುದಿನೀರಿನಲ್ಲಿ ಮುದ್ದೆಯಾಗಿ ಬೇಯಿಸಿ, ಬಿಸಿಯಾರುವ ಮೊದಲೇ ಒತ್ತಿದ್ದು. ಆರಿದರೆ ಎಳೆ ಬಾರದೆಂದೂ, ನೀರು ಹೆಚ್ಚಾದರೆ ಎಳೆ ನಿಲ್ಲದೆಂದೂ ಆಕೆ ಹೇಳಿದರು. ಹುರಿಗಡಲೆ ಬೆಲ್ಲಗಳ ಪುಡಿಯನ್ನು ಉದುರಿಸಿ ತುಪ್ಪವನ್ನು ಬಿಟ್ಟು ಬಡಿಸಿದಾಗ ಮೂವರೂ ಮಾತಿಲ್ಲದೆ ಉಂಡರು. ಉಣ್ಣುತ್ತ ಹುಡುಗನು ಚೀನಾದೇಶದ ಒಂದು ಸಂಗತಿಯನ್ನು ಹೇಳಿದನು. ಹಳದಿನದಿಯ ಮೇಲುಭಾಗದ ಲಾಜಿಯಾ ಎಂಬಲ್ಲಿ ಪುರಾತತ್ತ್ವಜ್ಞರು ಅಗೆದಾಗ, ಮಗುಚಿಬಿದ್ದ ಒಂದು ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು 4000 ವರ್ಷಗಳ ಹಿಂದಿನ ಶಾವಿಗೆಯಂಥ ಎಳೆಗಳು ದೊರೆತುವಂತೆ. ಅವು ನವಣೆ ಬರಗುಗಳಿಂದ ಆದುವೆಂದು ಸಂಶೋಧಕರು 2005ರಲ್ಲಿ ಪ್ರಕಟಿಸಿದರಂತೆ. ಭೂಕಂಪವೂ ಪ್ರವಾಹವೂ ಆ ಊರನ್ನು ಒಮ್ಮೆಗೇ ಮುಚ್ಚಿದುವೆಂದು ವಿದ್ವಾಂಸರ ಅಭಿಪ್ರಾಯ.

ವೃದ್ಧೆ ಕೈತಡೆದು ಕೇಳಿದರು. ಕೊನೆಗೆ, “ಹಾಗಾದರೆ ಬಡಿಸಿದ್ದು ಉಳಿಯಿತು, ಉಣ್ಣುವವರು ಉಳಿಯಲಿಲ್ಲ” ಎಂದರು. ಅಷ್ಟೇ ಹೇಳಿ ಹಿರಿಯರ ಎಲೆಗೆ ಇನ್ನೊಂದು ಸುತ್ತು ಶಾವಿಗೆಯನ್ನು ಇಟ್ಟರು.

ಮಧ್ಯಾಹ್ನ ವಿದುರಾಶ್ವತ್ಥ. ಉತ್ತರಪಿನಾಕಿನಿಯ ದಡದ ಆ ಕ್ಷೇತ್ರದಲ್ಲಿ ಅಶ್ವತ್ಥವನ್ನು ವಿದುರನೇ ನೆಟ್ಟನೆಂದು ಐತಿಹ್ಯ. ಹರಕೆಯ ನಾಗರಕಲ್ಲುಗಳು ಅಲ್ಲಿ ಎಣಿಕೆಗೆ ನಿಲುಕವು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೋಲೀಸರು ಗುಂಡುಹಾರಿಸಿದ್ದೂ ಅಲ್ಲಿಯೇ. ಮಡಿದವರ ಸ್ಮಾರಕಕ್ಕೆ ಮೂವರೂ ಕೈಮುಗಿದರು. ಹಿಂದಿರುಗುವಾಗ ಹಿರಿಯರು ವಿದುರನ ಮಾತನ್ನು ಎತ್ತಿದರು. ಪಾಂಡವರಿಗೆ ಅವರ ಭಾಗವನ್ನು ಕೊಡೆಂದು ಅಣ್ಣನಿಗೆ ಎಡೆಬಿಡದೆ ಹೇಳಿದವನು ವಿದುರನು. ಭಾಗವು ಸರಿಯಾಗಿದ್ದರೆ ಕುಲವು ಉಳಿಯುತ್ತಿದ್ದಿತು ಎಂದರು. ಕಿರಿಯರು ಕಿಟಕಿಯ ಹೊರಗೆ ನೋಡುತ್ತ, “ನಮ್ಮಲ್ಲಿ ಭಾಗವು ಸರಿಯಾಗಿಯೇ ಇದ್ದಿತು” ಎಂದರು. ಮಾತಿನಲ್ಲಿ ಮುಳ್ಳೇನೂ ಇರಲಿಲ್ಲ. ಆದರೂ ಹಳ್ಳಿಯನ್ನು ಸೇರುವವರೆಗೆ ಹಿರಿಯರು ಬಾಯಿತೆರೆಯಲಿಲ್ಲ.

ಮೂರನೆಯ ದಿನ ಶಿಡ್ಲಘಟ್ಟ. ಆ ಊರಿನ ಬೀದಿಗಳಲ್ಲಿ ಗೂಡು ಬೇಯುವ ವಾಸನೆಯೇ ದಾರಿ ತೋರುವುದು. ರೇಷ್ಮೆಗೂಡಿನ ಸಂತೆಯಲ್ಲಿ ರಾಮನಗರದೊಡನೆ ಹೆಸರುವಾಸಿಯಾದ ಊರು ಅದು. ಹಿರಿಯರ ಹಳೆಯ ಶಿಷ್ಯನೊಬ್ಬನು, ಮುಸಲ್ಮಾನ ಗೃಹಸ್ಥನು, ಅಲ್ಲಿ ನೂಲು ಬಿಚ್ಚುವ ಕಸುಬನ್ನು ಮಾಡುತ್ತಿರುವನು. ಗುರುಗಳು ಬರುವರೆಂದು ಮನೆಯಲ್ಲಿ ಗೋಧಿಯ ಸಣ್ಣ ಶಾವಿಗೆಯನ್ನು ತುಪ್ಪದಲ್ಲಿ ಹುರಿದು, ಹಾಲು ಖರ್ಜೂರ ಸಕ್ಕರೆಗಳನ್ನು ಹಾಕಿ, ಈದ್ ಹಬ್ಬದಲ್ಲಿ ಮಾಡುವಂತೆಯೇ ಮಾಡಿಸಿದ್ದನು. ಹಿರಿಯರು ಒಂದು ಗುಟುಕನ್ನು ಸವಿದು, ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಸೇವಿಕಾ ಎಂಬ ಹೆಸರಿನಿಂದ ಗೋಧಿಹಿಟ್ಟಿನ ಸಣ್ಣ ಬತ್ತಿಗಳನ್ನು ಒಣಗಿಸಿ ಹಾಲಿನಲ್ಲಿ ಬೇಯಿಸುವುದನ್ನು ಹೇಳಿರುವನೆಂದೂ, ತಾವು ಪುಸ್ತಕದಲ್ಲಿ ಓದಿದ್ದನ್ನು ಶಿಷ್ಯನ ಮನೆಯಲ್ಲಿ ಉಂಡೆವೆಂದೂ ಹೇಳಿದರು. ಶಿಷ್ಯನು ನಕ್ಕು, “ನಮ್ಮ ತಾಯಿಗೆ ಓದು ಬರುತ್ತಿರಲಿಲ್ಲ, ಮೇಷ್ಟರೆ, ಕೈಗೆ ಬರುತ್ತಿತ್ತು” ಎಂದನು.

ಊಟವಾದ ಮೇಲೆ ಅವನು ಕೆಲಸದ ಮನೆಯನ್ನು ತೋರಿಸಿದನು. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದುವು. ಒಂದೊಂದು ಗೂಡೂ ಒಂದೇ ಎಳೆ, ನೂರಾರು ಗಜ ಉದ್ದ. ಆದರೆ ಆ ಒಂಟಿ ಎಳೆಯು ಬಲು ನವುರು. ಹಲವು ಗೂಡುಗಳ ಎಳೆಗಳನ್ನು ಕೂಡಿಸಿಯೇ ಒಂದು ನೂಲು. ನಡುವೆ ಒಂದು ಗೂಡು ಮುಗಿದರೆ ಏನು ಮಾಡುವಿರೆಂದು ಹುಡುಗನು ಕೇಳಿದನು. ಗಂಟು ಹಾಕುವಿರೋ? “ಗಂಟು ಹಾಕುವುದಿಲ್ಲ” ಎಂದು ಆತನು ಹೊಸ ಗೂಡಿನ ತುದಿಯನ್ನು ಬೆರಳಿನಲ್ಲಿ ಎತ್ತಿ ಓಡುತ್ತಿದ್ದ ನೂಲಿನ ಹತ್ತಿರಕ್ಕೆ ಒಯ್ದನು. ಅದು ತಾನಾಗಿ ಹತ್ತಿಕೊಂಡು ಹೋಯಿತು. “ಎಳೆಯಲ್ಲಿಯೇ ಅಂಟು ಇದೆ, ಸ್ವಾಮಿ. ಬಿಸಿನೀರಿನಲ್ಲಿ ಮೆತ್ತಗಾಗಿರುತ್ತದೆ. ಹತ್ತಿರ ತಂದರೆ ಸಾಕು.” ಕಿರಿಯರು ಯಂತ್ರಗಳನ್ನು ಬಲ್ಲವರು, ಚಕ್ರದ ತಿರುಗಣಿಯನ್ನು ನೋಡಬೇಕಾದವರು ಆತನ ಬೆರಳನ್ನೇ ನೋಡುತ್ತ ನಿಂತರು.

ಚಿಂತಾಮಣಿಯಲ್ಲಿ ಅಕ್ಕಿಯ ಒತ್ತುಶಾವಿಗೆ ದೊರೆಯಿತು. ಮರಾಠಾ ನಾಯಕನಾದ ಚಿಂತಾಮಣಿರಾಯನ ಹೆಸರನ್ನು ಹೊತ್ತ ಆ ವ್ಯಾಪಾರದ ಊರಿನಲ್ಲಿ ಒಂದು ಸಣ್ಣ ಫಲಾಹಾರದ ಅಂಗಡಿ. ಅಲ್ಲಿ ಒಬ್ಬನೇ ಹುಡುಗನು ಗುಂಡಿಯನ್ನು ಒತ್ತಿದರೆ ವಿದ್ಯುತ್ತಿನ ಯಂತ್ರದಿಂದ ಶಾವಿಗೆಯು ತಟ್ಟೆಗೆ ಇಳಿಯುತ್ತಿದ್ದಿತು. ನಿಂಬೆಯ ಒಗ್ಗರಣೆ ಚೆನ್ನಾಗಿತ್ತು, ಎಳೆ ಸಮವಾಗಿತ್ತು, ದೂರಲು ಏನೂ ಇರಲಿಲ್ಲ. ಎರಡನೆಯವರು ಬೇಕಿಲ್ಲದ ಅನುಕೂಲವನ್ನು ಯಂತ್ರವು ಒದಗಿಸಿತ್ತು, ಅಷ್ಟೆ. ಎರಡನೆಯವರಿಲ್ಲದವರಿಗೆ ಅದು ದೊಡ್ಡ ಉಪಕಾರವೇ ಸರಿ ಎಂದು ಹಿರಿಯರು ಒಪ್ಪಿಕೊಂಡರು.

ಸಂಜೆ ಕೈವಾರ. ಕನ್ನಡ ತೆಲುಗುಗಳೆರಡರಲ್ಲಿಯೂ ಪದಗಳನ್ನು ಹಾಡಿದ ನಾರೇಯಣ ಯೋಗಿಗಳ ಊರು. ಅದೇ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಅಲ್ಲಿಯ ಬೆಟ್ಟದಲ್ಲೆಂದೂ ಸ್ಥಳಪುರಾಣ. ಬಂಡಿಯನ್ನದ ಕಥೆಯನ್ನು ಹುಡುಗನು ಬಲ್ಲನು. ಅವನಿಗೆ ತಿಳಿಯದಿದ್ದ ಇನ್ನೊಂದನ್ನು ಹಿರಿಯರು ಹೇಳಿದರು. ಏಕಚಕ್ರದಲ್ಲಿ ಪಾಂಡವರು ಭಿಕ್ಷೆ ಬೇಡಿ ತಂದುದನ್ನು ಕುಂತಿಯು ಎರಡು ಪಾಲು ಮಾಡುವಳು. ಒಂದು ಪಾಲು ಭೀಮನೊಬ್ಬನಿಗೆ. ಇನ್ನೊಂದು ಪಾಲು ಉಳಿದ ನಾಲ್ವರಿಗೂ ತಾಯಿಗೂ ಸೇರಿ. ಇಷ್ಟು ವಿಷಮವಾದ ಭಾಗ ಮತ್ತೊಂದಿಲ್ಲ. ಆದರೂ ಆ ಐವರಲ್ಲಿ ಒಬ್ಬನಾದರೂ ಪಂಚರನ್ನು ಕೂಡಿಸಿದ್ದಾಗಿ ವ್ಯಾಸರು ಬರೆದಿಲ್ಲ. “ಬಡಿಸುವ ತಾಯಿ ಒಬ್ಬಳಿದ್ದಳು” ಎಂದರು ಕಿರಿಯರು. “ಅಹುದು” ಎಂದರು ಹಿರಿಯರು. ಆ ನಾಲ್ಕು ದಿನಗಳಲ್ಲಿ ಹುಡುಗನ ಮಧ್ಯಸ್ಥಿಕೆಯಿಲ್ಲದೆ ಅಣ್ಣನು ತಮ್ಮನಿಗೆ ಕೊಟ್ಟ ಮೊದಲ ಉತ್ತರ ಅದು.

ನಾಲ್ಕನೆಯ ದಿನ ಬೆಳಗಿನ ಜಾವದಲ್ಲಿ ನಂದಿಬೆಟ್ಟ. ಸಮುದ್ರಮಟ್ಟಕ್ಕೆ 4851 ಅಡಿ ಎತ್ತರದ ಆ ಬಂಡೆಯ ನೆತ್ತಿಯ ಮೇಲೆ ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಪೂರ್ವದಿಕ್ಕು ಕೆಂಪಾಯಿತು. ಕೆಳಗಿನ ಬಯಲೆಲ್ಲ ಬೆಳ್ಳನೆಯ ಮಂಜು ತುಂಬಿ ಕಡಲಾಗಿತ್ತು. ಅದರ ಮೇಲೆ ಸುತ್ತಣ ಬೆಟ್ಟಗಳ ತಲೆಗಳು ಮಾತ್ರ ಒಂದೊಂದಾಗಿ ಎದ್ದು ಕಂಡುವು. “ದ್ವೀಪಗಳು!” ಎಂದು ಹುಡುಗನು ಕೂಗಿದನು. ಬಯಲಿನಲ್ಲಿ ಹೀಗೆ ಒಂಟಿಯಾಗಿ ನಿಂತ ಬಂಡೆಬೆಟ್ಟಗಳಿಗೆ ಭೂವಿಜ್ಞಾನದಲ್ಲಿಯೂ ದ್ವೀಪಪರ್ವತವೆಂಬ ಅರ್ಥದ ಹೆಸರೇ ಇದೆಯಂತೆ. ಆಫ್ರಿಕಾ ಖಂಡದಲ್ಲಿ ಅಂಥವನ್ನು ಕಂಡ ಬೋರ್ನ್‌ಹಾರ್ಟ್ ಎಂಬ ಜರ್ಮನ್ ವಿದ್ವಾಂಸನು ಸುಮಾರು 1900ರಲ್ಲಿ ಇಟ್ಟ ಹೆಸರು.

ಕಿರಿಯರು ಕೋಟೆಯ ಗೋಡೆಯನ್ನು ಒರಗಿ ಕುಳಿತರು. ಟಿಪ್ಪುವಿನ ಆ ಗಿರಿದುರ್ಗವು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಎಂಟು ವರ್ಷ ತುಂಬುವುದರೊಳಗೆ ಜಲದುರ್ಗವಾದ ಶ್ರೀರಂಗಪಟ್ಟಣವೂ ಬಿದ್ದಿತು. ಸುತ್ತ ಆಕಾಶವಿದ್ದುದೂ ಉಳಿಯಲಿಲ್ಲ, ಸುತ್ತ ನೀರಿದ್ದುದೂ ಉಳಿಯಲಿಲ್ಲ. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ, ಅತ್ತ ಮುದ್ದೇನಹಳ್ಳಿ. ಈ ಬತ್ತಿದ ಸೀಮೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರೇ ಅಲ್ಲವೆ, ಶ್ರೀರಂಗಪಟ್ಟಣದ ಮೇಲುಭಾಗದಲ್ಲಿ 1911ರಲ್ಲಿ ಕನ್ನಂಬಾಡಿ ಕಟ್ಟೆಯನ್ನು ಆರಂಭಿಸಿ ಕಾವೇರಿಗೆ ಏರಿಹಾಕಿದವರು ಎಂದರು ಕಿರಿಯರು. ಈ ಬೆಟ್ಟಸಾಲಿನಲ್ಲಿಯೇ ಹುಟ್ಟಿದ ಇಬ್ಬರು ಪಿನಾಕಿನಿಯರಲ್ಲಿ ಒಬ್ಬಳು ಉತ್ತರಕ್ಕೆ ಹರಿದು ನೆಲ್ಲೂರಿನ ಬಳಿ ಕಡಲನ್ನು ಸೇರುವಳು, ಇನ್ನೊಬ್ಬಳು ದಕ್ಷಿಣಕ್ಕೆ ಹೋಗಿ ಕಡಲೂರಿನ ಬಳಿ ಸೇರುವಳು ಎಂದು ಹಿರಿಯರು ಕೂಡಿಸಿದರು.

ಆಮೇಲೆ ಬಹಳ ಹೊತ್ತಿನ ಮೇಲೆ ಅವರೇ, “ರಂಗಸ್ಥಳದಲ್ಲಿ ಸೂತ್ರವನ್ನು ಅರ್ಧಕ್ಕೆ ಬಿಟ್ಟೆ” ಎಂದರು. “ದ್ವೀಪವನ್ನು ಸಾಧಿಸುವ ಆ ಸೂತ್ರವೇ ಇನ್ನೊಂದು ಶಬ್ದವನ್ನೂ ಸಾಧಿಸುವುದು. ನಾಲ್ವತ್ತು ವರ್ಷ ಪಾಠ ಹೇಳಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಒಂದು ದಿನವೂ ಯೋಚಿಸಲಿಲ್ಲ. ನೀರು ಎರಡಾಗಿ ಒಡೆದ ಎಡೆ ದ್ವೀಪ. ನೀರು ಕೂಡಿಬಂದ ಎಡೆ ಸಮೀಪ. ಶಬ್ದಗಳು ಒಡಹುಟ್ಟಿದುವು.”

ಕಿರಿಯರಿಗೆ ಸಂಸ್ಕೃತ ಬಾರದು. ಅವರು ಸ್ವಲ್ಪ ಯೋಚಿಸಿ, “ನಮ್ಮ ಕನ್ನಡದಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಒತ್ತು ಎಂದರೆ ಅದುಮುವುದು, ಒತ್ತಿನ ಮನೆ ಎಂದರೆ ಪಕ್ಕದ ಮನೆ” ಎಂದರು.

ಹಿರಿಯರು ನಕ್ಕರು. ನಗುವು ನಿಂತ ಮೇಲೆ ತಲೆಯೆತ್ತದೆ, “ಬಿಲ್ಲೆಯನ್ನು ಒರಳಿನಿಂದ ಕಳಚಿದವನು ನಾನು. ಪಂಚರು ಬೇಡವೆಂದರು. ಅದು ನ್ಯಾಯವೇ ಆಗಿತ್ತು, ಆದರೆ ಅದು ತಪ್ಪು” ಎಂದರು. ಇಷ್ಟು ಮಾತಿಗೆ 35 ವರ್ಷ ಹಿಡಿದಿತ್ತು.

ಕಿರಿಯರು ಉತ್ತರಕೊಡಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಬಿಚ್ಚಿದರು. ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದ್ದ ಬಿಲ್ಲೆಯು ಎಳೆಬಿಸಿಲಿಗೆ ಹೊಳೆಯಿತು. ವರ್ಷವರ್ಷವೂ ತಾಯಿಯ ತಿಥಿಯ ಹಿಂದಿನ ದಿನ ಉಳಿದ ಪಾತ್ರೆಗಳೊಡನೆ ಅದನ್ನೂ ಬೆಳಗುತ್ತಿದ್ದರಂತೆ. ಇಲ್ಲದಿದ್ದರೆ ರಂಧ್ರಗಳು ಕಿಲುಬಿನಿಂದ ಮುಚ್ಚಿಹೋಗುತ್ತಿದ್ದುವು ಎಂದು, ಅದೊಂದು ಬರಿಯ ಕೈಕೆಲಸದ ವಿಷಯವೆಂಬಂತೆ ಹೇಳಿದರು.

ಮಧ್ಯಾಹ್ನ ಹಳ್ಳಿಯಲ್ಲಿ ಒರಳು ಅಟ್ಟದಿಂದ ಇಳಿಯಿತು. ಹಿಂದಿನ ದಿನವೇ ನೆನೆಯಿಟ್ಟಿದ್ದ ಅಕ್ಕಿಯನ್ನು ರುಬ್ಬಿ, ಉಂಡೆಗಳನ್ನು ಬೇಯಿಸಿ ಹಿರಿಯರ ಮಗಳು ಸಿದ್ಧಮಾಡಿದಳು. ಆದರೆ ಬಿಲ್ಲೆಯು ಕುಳಿಯಲ್ಲಿ ಕೂರಲಿಲ್ಲ. ಇಷ್ಟು ವರ್ಷ ಒಣಗಿದ ಮರವು ಸೆಳೆತು ಸಣ್ಣ ಬಿರುಕು ಬಿಟ್ಟಿತ್ತು. ಬಿಲ್ಲೆಯು ಒಂದು ಪಕ್ಕದಲ್ಲಿ ಬಿಗಿ, ಇನ್ನೊಂದು ಪಕ್ಕದಲ್ಲಿ ಸಡಿಲ. ಹಿರಿಯರ ಮುಖ ಬಾಡಿತು. ಕಿರಿಯರು ಮರವನ್ನು ಬೆರಳಿನಿಂದ ತಟ್ಟಿ ನೋಡಿದರು. ಬಿಗಿಯಾದ ಕಡೆ ಸ್ವಲ್ಪ ಹೆರೆದರು. ಹಳೆಯ ಪಂಚೆಯ ಅಂಚನ್ನು ಹರಿದು ನೀರಿನಲ್ಲಿ ಅದ್ದಿ ಬಿಲ್ಲೆಗೆ ಸುತ್ತಿ ಕೂರಿಸಿದರು. “ನೀರು ಕುಡಿದರೆ ಮರ ಊದಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ತಾನೇ ಹಿಡಿಯುತ್ತದೆ” ಎಂದರು. ಮೊದಲನೆಯ ಉಂಡೆ ಪಕ್ಕದಿಂದ ಹೊರಬಂದಿತು. ಎರಡನೆಯದರ ಎಳೆ ಮುರಿಯಿತು. ಮೂರನೆಯದನ್ನು ಹಾಕಿ ಕಿರಿಯರು ಸನ್ನೆಕೋಲಿನ ಮೇಲೆ ಭಾರ ಬಿಟ್ಟರು. ಹಿರಿಯರು ಕೆಳಗೆ ಕುಳಿತು ಎಲೆಯನ್ನು ತಿರುಗಿಸಿದರು. ಎಳೆಗಳು ಆವಿಯೊಡನೆ ಇಳಿದುವು. ಬೆಲ್ಲ ಬೆರೆತ ಕಾಯಿಹಾಲಿನಲ್ಲಿ ಉಂಡ ಆ ಶಾವಿಗೆಯು ನಾಲ್ಕು ಊರಿನ ಶಾವಿಗೆಗಳಲ್ಲಿ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಒರಟು. ಹುಡುಗನು ಮೂರು ಸಲ ಬಡಿಸಿಕೊಂಡನು.

ಮರುದಿನ ಹೊರಡುವಾಗ ಹೊಸ ವ್ಯಾಜ್ಯವೊಂದು ಹುಟ್ಟಿತು. ಕಿರಿಯರು ಬಿಲ್ಲೆಯನ್ನು ಇಲ್ಲಿಯೇ ಬಿಡುವೆನೆಂದರು. ಹಿರಿಯರು ಒರಳನ್ನು ನೀನೇ ಒಯ್ಯೆಂದರು. “ಇದು ನಿನ್ನದು”, “ಅಲ್ಲ, ನಿನ್ನದು” ಎಂದು ಬಾಗಿಲಲ್ಲಿ ನಿಂತು ಧ್ವನಿಯನ್ನೇ ಏರಿಸಿದರು. ಪಂಚರಾರೂ ಇರಲಿಲ್ಲವಾಗಿ ಹುಡುಗನೇ ತೀರ್ಪನ್ನು ಹೇಳಬೇಕಾಯಿತು. ಒರಳು ಬಿಲ್ಲೆಯೊಡನೆ ಈ ವರ್ಷ ಶ್ರೀರಂಗಪಟ್ಟಣದಲ್ಲಿರಲಿ. ತಾಯಿಯ ತಿಥಿಯನ್ನು ಅವರವರು ಮಾಡಿ ಮುಗಿಸಿದ ಮರುದಿನ ತಾತನು ಅಲ್ಲಿಗೆ ಹೋಗಲಿ. ಮುಂದಿನ ವರ್ಷ ಒರಳು ಇಲ್ಲಿಗೆ, ಚಿಕ್ಕತಾತನೂ ಇಲ್ಲಿಗೆ.

ಶಾಸ್ತ್ರಕ್ಕೆ ಇದರಲ್ಲಿ ವಿರೋಧವೇನೂ ಇಲ್ಲವೆಂದು ಹಿರಿಯರು ಯೋಚಿಸಿ ಹೇಳಿದರು. ಒರಳನ್ನು ಮೋಟಾರಿನ ಹಿಂದಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಅದರೊಳಗೆ ಬಿಲ್ಲೆಯು ಒದ್ದೆಬಟ್ಟೆಯೊಡನೆ ಹಾಗೆಯೇ ಇದ್ದಿತು. ಕಳಚಲು ಯಾರೂ ಹೋಗಲಿಲ್ಲ.